ಹದಿಮೂರನೆಯ ಬದನೆಕಾಯಿ

ತಕ್ಕಡಿಯ ಪಕ್ಕದ ಬುಟ್ಟಿಯಲ್ಲಿ ಹನ್ನೆರಡು ಬದನೆಕಾಯಿ ಇರಬೇಕಿತ್ತು. ಕಾವಲುಗಾರ ಮೂರು ಸಲ ಎಣಿಸಿದ. ಮೂರು ಸಲವೂ ಹನ್ನೊಂದೇ.

ಅವೇನು ಮಾಮೂಲಿ ಬದನೆಕಾಯಿಯೇ? ಹುಳು ಮೂಸಿಯೂ ನೋಡದ ಕುಲಾಂತರಿ ತಳಿ! ಹೊರಗೆ ಬೆಳೆಯಲು ಸರ್ಕಾರ ಇನ್ನೂ ಒಪ್ಪಿರಲಿಲ್ಲ. ಪರೀಕ್ಷಾ ತೋಟದ ಬಲೆಮನೆಯಲ್ಲಿ ಕಿತ್ತ ಪ್ರತಿಯೊಂದು ಕಾಯಿಯನ್ನೂ ತನಿಖಾಧಿಕಾರಿಯ ಎದುರಿಗೇ ಎಣಿಸಿ ಸುಡಬೇಕು. ಒಂದು ಕಡಿಮೆಯಾದರೂ ಕಾವಲುಗಾರನ ಕೆಲಸ ಹೋದಂತೆಯೇ. ಆರು ವರ್ಷ ಪಾಪ, ಮೈಯೆಲ್ಲ ಕಣ್ಣಾಗಿ ಕಾದಿದ್ದ.

“ಇಷ್ಟಕ್ಕೆಲ್ಲ ಯಾಕಪ್ಪಾ ಬೆವರ್ತೀಯಾ?” ಎಂದಳು ಕಚೇರಿಯ ಟೈಪಿಸ್ಟಮ್ಮ. ಕೇಳದೆ ಸಲಹೆ ಕೊಡದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. “ಎದುರಿಗೇ ನಿನ್ನ ಭಾವಂದು ತರಕಾರಿ ಅಂಗಡಿ. ಒಂದು ತಂದು ಹಾಕು. ಬದನೆಕಾಯಿ ಏನು ಬಾಯಿಬಿಟ್ಟು ಹೇಳುತ್ತಾ?”

ಅಕ್ಕನ ಸಂಸಾರ ನಡೆಯುತ್ತಿದ್ದುದೇ ಆ ಅಂಗಡಿಯಿಂದ. ಭಾವ ಒಂದು ಕಾಯಿ ಆರಿಸಿ ಕೊಟ್ಟು, “ನಿಮ್ಮ ಬಲೆಮನೆ ಕಸ ಅಲ್ಲ ಇದು. ಅಜ್ಜನ ಕಾಲದ ಬೀಜ!” ಎಂದು ಬೀಗಿದ.

ತನಿಖಾಧಿಕಾರಿ ಬಂದವನೇ ಕಾಗದದ ಪಟ್ಟಿಗಳ ಡಬ್ಬಿ ತೆಗೆದ. “ಹೊಸ ನಿಯಮ. ಒಂದೊಂದು ಕಾಯಿ ರಸಕ್ಕೂ ಪಟ್ಟಿ ಅದ್ದಬೇಕು. ಎರಡು ಗೆರೆ ಬಂದ್ರೆ ಕುಲಾಂತರಿ, ಒಂದೇ ಬಂದ್ರೆ ಮಾಮೂಲಿ.”

ಸಿಕ್ಕಿಬಿದ್ದೆ ಎಂದುಕೊಂಡ ಕಾವಲುಗಾರ. ಆದರೆ ಏನಾಶ್ಚರ್ಯ! ಹನ್ನೆರಡಕ್ಕೂ ಎರಡೆರಡು ಗೆರೆ. ಭಾವನ ಕಾಯಿಗೂ! ಅದು ಹೇಗೆ ಎಂದು ಯೋಚಿಸಲೂ ಹೋಗದೆ ಅವನು ಉಸಿರು ಬಿಟ್ಟ.

“ಸಿಕ್ತು, ಸಿಕ್ತು!” ತಕ್ಕಡಿಯ ಅಡಿಗೆ ಉರುಳಿದ್ದ ಕಾಯಿಯನ್ನು ಎತ್ತಿ ಹಿಡಿದು ಟೈಪಿಸ್ಟಮ್ಮ ಓಡಿಬಂದಳು.

ಅದಕ್ಕೂ ಎರಡು ಗೆರೆ. ಅಧಿಕಾರಿಯ ಹುಬ್ಬು ಮೇಲೇರಿತು. “ರಿಜಿಸ್ಟರಲ್ಲಿ ಹನ್ನೆರಡು, ಇಲ್ಲಿ ಹದಿಮೂರು. ಅಂದ್ರೆ ಹೊರಗಡೆ ಯಾರೋ ಬೆಳೀತಿದ್ದಾರೆ. ಎಲ್ಲಿಂದ ಬಂತಯ್ಯಾ ಇದು?”

ಬಾಯಿಬಿಟ್ಟರೆ ಭಾವನ ಅಂಗಡಿಗೆ ಬೀಗ, ಅಕ್ಕನ ಮಕ್ಕಳು ಬೀದಿಗೆ. ಕಾವಲುಗಾರ ಕೈ ಮುಗಿದ.

“ಕೀಳುವಾಗ ನಾನೇ ತಪ್ಪು ಎಣಿಸಿದೆ ಸಾರ್.”

“ಹನ್ನೆರಡು ಎಣಿಸೋಕೆ ಬಾರದವನಿಗೆ ಕಾವಲು ಬೇರೆ!” ಅಧಿಕಾರಿ ಕೈ ಚಾಚಿದ. ಕಾವಲುಗಾರ ಬಲೆಮನೆಯ ಬೀಗದ ಕೈ ಕೊಟ್ಟು ಮನೆಗೆ ನಡೆದ.

ಹೆಂಡತಿ ತಟ್ಟೆ ಇಟ್ಟಳು. “ಮುಖ ಯಾಕೆ ಹಾಗಿದೆ? ಮೊದಲು ಊಟ ಮಾಡಿ. ನಿಮ್ಮ ಭಾವನ ಅಂಗಡಿ ಬದನೆಕಾಯಿ ಹುರಿದಿದ್ದೀನಿ. ಆರು ವರ್ಷದಿಂದ ಅಲ್ಲೇ ತರ್ತಿದ್ದೀನಿ, ಒಂದೇ ಒಂದರಲ್ಲೂ ಹುಳ ಸಿಕ್ಕಿಲ್ಲ ನೋಡಿ!”