ಇಳಿಯುತ್ತಲೇ ಇರುವ ಎಲೆಗುಡ್ಡೆಯವರಿಗೆ ಒಂದು ಅಹವಾಲು

ಮಾನ್ಯ ಎಲೆಗುಡ್ಡೆಯವರೇ,

ಹಿತ್ತಿಲ ಗೋಡೆಯ ಮೂಲೆಯಲ್ಲಿ ಎಂಟು ತಿಂಗಳಿಂದ ವಿರಾಜಮಾನರಾಗಿರುವ ತಮಗೆ, ತಮ್ಮನ್ನು ಕೈಯಾರೆ ಪೇರಿಸಿದ ನಿವೃತ್ತ ಲಿಫ್ಟ್ ಆಪರೇಟರ್ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಾವೂ ಕ್ಷೇಮವೆಂದು ನಂಬಿದ್ದೇನೆ. ಅತ್ತ ಎಂದರೆ ನಮ್ಮ ಅಡುಗೆಮನೆ ಬಾಗಿಲಿನಿಂದ ಹನ್ನೆರಡೇ ಹೆಜ್ಜೆ; ಆದರೂ ಎದುರಿಗೆ ನಿಂತು ಹೇಳುವ ಮುಖವಿಲ್ಲದೆ ಬರೆಯುತ್ತಿದ್ದೇನೆ.

ನನ್ನ ಪೂರ್ವಾಪರ ತಮಗೆ ತಿಳಿದಿರಲಿಕ್ಕಿಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕುಳಿತು ಜನರನ್ನು ಮೇಲಕ್ಕೆ ಕಳಿಸಿದವನು ನಾನು (ಆಸ್ಪತ್ರೆಯ ಮಟ್ಟಿಗೆ ಈ ಮಾತನ್ನು ಸ್ವಲ್ಪ ಎಚ್ಚರದಿಂದ ಓದಬೇಕು). ನನ್ನಲ್ಲಿ ಬೇರೆ ಯಾವ ಗುಣವೂ ಇರಲಿಲ್ಲ, ಆದರೆ ಒಂದು ದಿನವೂ ತಪ್ಪು ಮಹಡಿ ಕೂಗಿದವನಲ್ಲ. ಅದೇ ಆಸ್ಪತ್ರೆಯಲ್ಲಿ ದುಡಿದು ಈಗ ನಮ್ಮ ಎದುರುಮನೆಯಲ್ಲೇ ಇರುವ ನರ್ಸಕ್ಕ ಇಂದಿಗೂ ಬೀದಿಯವರ ಮುಂದೆ, "ಅಣ್ಣ ಮೂರನೇ ಮಹಡಿ ಅಂದ್ರೆ ಮುಗೀತು, ಕಣ್ಣು ಮುಚ್ಕೊಂಡು ಇಳಿದುಬಿಡ್ತಿದ್ದೆ" ಎನ್ನುತ್ತಾರೆ. ಎನ್ನುತ್ತಿದ್ದರು ಎಂದು ತಿದ್ದಿಕೊಳ್ಳಬೇಕು.

ತಮ್ಮ ಜನನಕ್ಕೆ ಕಾರಣ ನಮ್ಮ ಅಡುಗೆಮನೆಯ ಶೆಲ್ಫಿಗೆ ಹಾಸಿದ್ದ ಹಳೆಯ ಪತ್ರಿಕೆಯ ಅರ್ಧ ಹಾಳೆ. 'ಒಣಗಿದೆಲೆಯ ರಾಶಿಯಲ್ಲೇ ನೇರವಾಗಿ ತರಕಾರಿ ಬೆಳೆಯಿರಿ' ಎಂಬ ತಲೆಬರಹ, ಅದರ ಕೆಳಗೆ ನಾಲ್ಕು ಸಾಲು, ಆಮೇಲೆ ಹರಿದ ಅಂಚು. ಓದಬೇಕಾದದ್ದು ಇನ್ನೂ ಇರಬಹುದೆಂಬ ಸಂಶಯ ಯಾವ ಬುದ್ಧಿವಂತನಿಗೂ ಬರುತ್ತಿತ್ತು. ನನಗೆ ಬರಲಿಲ್ಲ. ಅಂದೇ ಗೇಟಿಗೆ ಚೀಟಿ ಅಂಟಿಸಿದೆ: 'ನಿಮ್ಮ ಮನೆಯ ಎಲೆ ನನಗೆ ಕೊಡಿ, ತರಕಾರಿ ನಿಮಗೆ ಕೊಡುತ್ತೇನೆ.' ಬೀದಿಯವರು ನಂಬಿದರು. ನರ್ಸಕ್ಕನಂತೂ ಮಂಡಿನೋವಿನಲ್ಲೂ ಪ್ರತಿ ಭಾನುವಾರ ಅಂಗಳ ಗುಡಿಸಿ, ಒಂದು ಚೀಲ ಎಲೆಯನ್ನು ಬಾಯಿ ಕಟ್ಟಿ ನಮ್ಮ ಗೇಟಿನ ಬಳಿ ಇಡುತ್ತಿದ್ದರು.

ತಮ್ಮ ಕಾರ್ಯವೈಖರಿಯನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಎದೆಮಟ್ಟದಿಂದ ಹೊರಟ ತಾವು ಮೊದಲ ತಿಂಗಳಿಗೆ ಸೊಂಟಕ್ಕೆ, ಮೂರನೆಯದಕ್ಕೆ ಮೊಣಕಾಲಿಗೆ ಇಳಿದಿರಿ. ನಡುವೆ ಯಾವ ಮಹಡಿಯಲ್ಲೂ ನಿಲ್ಲಲಿಲ್ಲ, ಗಂಟೆಯನ್ನೂ ಬಾರಿಸಲಿಲ್ಲ. ತಮ್ಮನ್ನೇ ನಂಬಿ ಹತ್ತಿ ಕುಳಿತಿದ್ದ ಇಪ್ಪತ್ತು ಟೊಮೆಟೊ ಸಸಿಗಳ ಬೇರಿನ ಬಳಿ ನೆಟ್ಟ ನಾಲ್ಕನೆಯ ದಿನ ಬೆರಳಿಟ್ಟು ನೋಡಿದರೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ! ಬೆಳೆಯುವುದು, ಕೀಳುವುದು, ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಎಂಬ ಐದು ಕೆಲಸಗಳಲ್ಲಿ ಕೊನೆಯದನ್ನೇ ಮೊದಲು ಮುಗಿಸಿಬಿಡುವ ದಕ್ಷತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಸಿ ಆರಿದ ಮೇಲೆ ಬೆಂಡೆ ಬೀಜ ಹಾಕಿದೆ. ಹೊಯ್ದ ನೀರೆಲ್ಲ ಎಲೆಗಳ ಸಂದಿಯಲ್ಲಿ ಜಾರಿ ಮೋರಿ ಸೇರಿತು. ಬೆಂಡೆ ಬೆರಳುದ್ದ ಎದ್ದು ನಿಂತು, ಹಳದಿಯಾಗಿ ಮಲಗಿತು. ತಮ್ಮ ಮೈಯಲ್ಲಿ ತಾನಾಗಿಯೇ ಸೊಂಪಾಗಿ ಏಳುತ್ತಿದ್ದದ್ದು ಯಾವುದೋ ದಪ್ಪ ಎಲೆಯ ಕಳೆಯೊಂದೇ. ಹೆಂಡತಿ, "ಅದೇನೋ ಚೆನ್ನಾಗಿ ಬರ್ತಿದೆ, ಬಿಡ್ರೀ ಪಾಪ" ಎಂದರೂ ಕೇಳದೆ, ಬಿತ್ತದೆ ಬಂದವರಿಗೆ ಇಲ್ಲಿ ಜಾಗವಿಲ್ಲವೆಂದು ಅದನ್ನು ಮೂರು ಸಲ ಚಿವುಟಿ ಎಸೆದೆ.

ಇಷ್ಟರಲ್ಲಿ ನರ್ಸಕ್ಕ, "ಏನಣ್ಣಾ, ತರಕಾರಿ ಎಲ್ಲೀತನಕ ಬಂತು?" ಎಂದರು. "ಇನ್ನೇನು, ಈ ವಾರವೇ" ಎಂದೆ. ಜೀವನದಲ್ಲಿ ನಾನು ಕೂಗಿದ ಮೊದಲ ತಪ್ಪು ಮಹಡಿ ಅದು.

ಮಾನ್ಯರೇ, ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಮರುದಿನ ಎರಡು ಬೀದಿ ಆಚೆಯ ತರಕಾರಿ ಅಂಗಡಿಗೆ ಹೋಗಿ ಒಳ್ಳೆಯ ಬೆಂಡೆಕಾಯಿ ಆರಿಸಿ ತಂದೆ. ಹಿಂಬಾಗಿಲಿನಿಂದ ಬಂದು, ತಮ್ಮ ಬುಡದ ಕಪ್ಪು ಪುಡಿಯನ್ನು ಅವುಗಳಿಗೆ ತೆಳುವಾಗಿ ಸವರಿದೆ. ಎಲೆ ಕೊಟ್ಟ ಐದು ಮನೆಗಳಿಗೂ ಹನ್ನೆರಡು ಹನ್ನೆರಡರಂತೆ, "ಈಗಷ್ಟೇ ಕಿತ್ತದ್ದು" ಎಂದು ಹಂಚಿ ಬಂದೆ. ಬೀದಿಯೆಲ್ಲ ಹೊಗಳಿತು. ಆ ರಾತ್ರಿ ಎರಡು ತುತ್ತು ಹೆಚ್ಚೇ ಉಂಡೆ.

ಬೆಳಿಗ್ಗೆ ನರ್ಸಕ್ಕ ಬಟ್ಟಲಿನಲ್ಲಿ ಆ ಹನ್ನೆರಡನ್ನೂ ಇಟ್ಟುಕೊಂಡು ಬಂದರು. "ಬೆಂಡೆಕಾಯಿ..." ಎಂದು ಅವರು ಬಾಯಿ ತೆರೆಯುವ ಮುಂಚೆಯೇ ನಾನು, "ಅಯ್ಯೋ, ನಾನ್ಯಾಕೆ ಅಂಗಡೀಲಿ ತರ್ಲಿ!" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಗೆ ಬೆಂಡೆಕಾಯಿಯೂ ನಡೆಯುತ್ತದೆ. ಅವರು ಒಂದೊಂದನ್ನೇ ಎತ್ತಿ ತೋರಿಸಿ ಮೆಲ್ಲಗೆ ಕೇಳಿದರು: "ಅಣ್ಣಾ, ಎಳೇದೋ ಬಲಿತಿದ್ದೋ ಅಂತ ತುದಿ ಮುರಿದು ನೋಡೋದು ಅಂಗಡೀಲಿ. ನಿಮ್ಮ ಗಿಡದ್ದೇ ಆದ್ರೆ ನೀವ್ಯಾಕೆ ಮುರಿದ್ರಿ? ಹನ್ನೆರಡಕ್ಕೆ ಹನ್ನೆರಡೂ?"

ಅಂಗಡಿಯಲ್ಲಿ ಆರಿಸುವಾಗ ಒಂದೊಂದರ ತುದಿಯನ್ನೂ ನಾನೇ ಮುರಿದಿದ್ದೆ. ನಲವತ್ತು ವರ್ಷದ ಕೈ ಅಭ್ಯಾಸ, ಕಳ್ಳತನದ ಮಧ್ಯೆಯೂ ಮೋಸ ಹೋಗಬಾರದೆಂಬ ಎಚ್ಚರ! ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬಟ್ಟಲು ಇಟ್ಟು ಹೋದರು. ಅಂದಿನಿಂದ ಎರಡು ಭಾನುವಾರ ಗೇಟಿನ ಬಳಿ ಚೀಲವಿಲ್ಲ.

ಮೊನ್ನೆ ತಮ್ಮನ್ನು ಕಿತ್ತು ಹಾಕುವುದೆಂದು ಗುದ್ದಲಿ ಹಿಡಿದು ಬಂದೆ. ಬುಡಕ್ಕೆ ಏಟು ಬೀಳುತ್ತಲೇ ನಿಂಬೆಹಣ್ಣಿನ ಗಾತ್ರದ ಆಲೂಗಡ್ಡೆಗಳು ಉರುಳಿ ಬಂದವು, ಒಟ್ಟು ಹದಿನೇಳು. ಬೆಟ್ಟ ಅಗೆದು ಇಲಿ ಹಿಡಿದವನಿಗೂ ನನ್ನಷ್ಟು ಆಶ್ಚರ್ಯವಾಗಿರಲಾರದು. ಹೆಂಡತಿ, "ಮೊಳಕೆ ಬಂದ ಆಲೂಗಡ್ಡೇನ ನಾನೇ ಇದರೊಳಗೆ ಎಸೆದಿದ್ದೆ ಕಣ್ರೀ. ನೀವು ಮೂರು ಸಲ ಕಳೆ ಅಂತ ಚಿವುಟಿದ್ದು ಅದನ್ನೇ" ಎಂದಳು.

ಹದಿನೇಳನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ನರ್ಸಕ್ಕನ ಮನೆಗೆ ಓಡಿದೆ. ಅವರು ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ. ಈಗ ಯಾವ ಅಂಗಡಿ?" ಎಂದರು. ಹುಟ್ಟಿದಾಗಿನಿಂದ ಇಷ್ಟು ನಿಜವಾದ ತರಕಾರಿಯನ್ನು ನಾನು ಹಿಡಿದಿರಲಿಲ್ಲ, ಮತ್ತು ಅದನ್ನು ನಂಬಿಸುವ ಒಂದು ಮಾತೂ ನನ್ನಲ್ಲಿ ಉಳಿದಿರಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ಬಂದೆ.

ಆದ್ದರಿಂದ ಮಾನ್ಯರೇ, ಸದರಿ ಆಲೂಗಡ್ಡೆಗಳು ತಮ್ಮ ಸ್ವಂತ ಮಕ್ಕಳೆಂದು ತಾವೇ ರಸ್ತೆ ದಾಟಿ ಹೋಗಿ ನರ್ಸಕ್ಕನ ಎದುರು ಒಪ್ಪಿಕೊಳ್ಳಬೇಕಾಗಿ ವಿನಂತಿ. ಮಂಡಿಯಿಲ್ಲದ ಕಾರಣ ಅದು ಸಾಧ್ಯವಾಗದಿದ್ದರೆ, ಮುಂದಿನ ಬೆಳೆಯ ಮೇಲೆ ನನ್ನ ಕೈ ಸೋಂಕಿಲ್ಲವೆಂದು ಪ್ರತಿ ಎಲೆಯ ಮೇಲೂ ಬರೆದುಕೊಡಬೇಕು. ಅದೂ ಆಗದಿದ್ದರೆ, ನಾನು ತಪ್ಪು ಮಾಡಿದೆ ಎಂಬುದನ್ನಾದರೂ ನನ್ನ ಪರವಾಗಿ ಹೇಳಿಬಿಡಿ. ನನಗೆ ಬಾಯಿ ಬರುತ್ತಿಲ್ಲ. ತಮಗೂ ಬಾಯಿಲ್ಲವೆಂದು ಹೆಂಡತಿ ನೆನಪಿಸಿದ್ದರಿಂದ, ಈ ಪತ್ರವನ್ನು ಬಹಿರಂಗವಾಗಿಸಿ ಹಳೆಯ ಚೀಟಿಯ ಕೆಳಗೆ ಗೇಟಿಗೆ ಅಂಟಿಸುತ್ತಿದ್ದೇನೆ. ಎದುರುಮನೆಯ ಕಿಟಕಿಯಿಂದ ಕಾಣುವಂತೆ ಅಕ್ಷರ ದಪ್ಪ ಮಾಡಿದ್ದೇನೆ.

ವಿಶ್ವಾಸ ಕಳೆದುಕೊಂಡೂ
ತಮ್ಮ ವಿಶ್ವಾಸಿ,
ಮೂರನೇ ಮಹಡಿಯವನು

ತಾ.ಕ. (ಅಂಟಿಸಿದ ಮೇಲೆ ಸೇರಿಸಿದ್ದು): ಪತ್ರಿಕೆಯ ಉಳಿದರ್ಧ ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿದೆ. 'ರಾಶಿ ಕೊಳೆತು ಕುಸಿಯುವವರೆಗೆ ಕಾಯಿರಿ, ಪ್ರತಿ ಗುಂಡಿಗೂ ಎರಡು ಹಿಡಿ ಮಣ್ಣು ಹಾಕಿ ನೆಡಿರಿ' ಎಂದಿದೆ. ಅಂದರೆ ಇಷ್ಟು ದಿನ ತಾವು ಇಳಿಯುತ್ತಿದ್ದದ್ದೇ ಸರಿ, ಅವಸರ ನನ್ನದು. ಇನ್ನೊಂದು ವಿಷಯ. ಈ ಪತ್ರ ಅಂಟಿಸಿದ ಮರುದಿನ, ಭಾನುವಾರ ಬೆಳಿಗ್ಗೆ, ಗೇಟಿನ ಬಳಿ ಬಾಯಿ ಕಟ್ಟಿದ ಒಂದು ಚೀಲ ಎಲೆ ಇತ್ತು. ಗಂಟಿಗೆ ಒಂದು ಬೆಂಡೆಕಾಯಿ ಸಿಕ್ಕಿಸಿದ್ದರು, ತುದಿ ಮುರಿದದ್ದು.