ಮಜ್ರಾದ ಹೋರಿ, ಕಾಕಾನ ನೈಚೋರು

ಅಂಗಡಿಗೆ ಹೋಗಿ ಎರಡು ಕಿಲೋ ಮಾಂಸ ತರುವವನ ಬಾಳಿನಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಮಜ್ರಾಕ್ಕೆ, ಅಂದರೆ ಊರಾಚೆಯ ತೋಟಕ್ಕೇ ಹೋಗಿ ಇಡೀ ಹೋರಿ ತರುತ್ತೇನೆಂದು ಹೊರಟವನಿಗೆ ಹಾಗಲ್ಲ, ಹೆಜ್ಜೆಗೊಂದು ಕತೆ ತಗಲಿಕೊಳ್ಳುತ್ತದೆ. ಸೌದಿಯ ದಮ್ಮಾಮ್‌ನ ನಮ್ಮ ಕಟ್ಟಡದವರಿಗೆ ಇಂಥ ಕತೆಗಳು ಬೇಕಾದಷ್ಟಿವೆ. ಇಲ್ಲಿ ಹೇಳುವುದು ಕಾಕಾನ ಮಗಳ ನಿಕಾಹ್‌ನ ಹೋರಿಯದ್ದು.

ಕಾಕಾ ನಮ್ಮ ಕಟ್ಟಡಕ್ಕೆಲ್ಲ ಹಿರಿಯರು, ಎಸಿ ಮೆಕ್ಯಾನಿಕ್. ಊರು ಪುತ್ತೂರಿನ ಕಡೆ. ಕಂಪೆನಿಯಲ್ಲಿ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಇದ್ದುದರಿಂದ ಮಗಳ ನಿಕಾಹ್‌ಗೆ ಅವರಿಗೆ ರಜೆ ಸಿಗಲಿಲ್ಲ. ಬೇರೆಯವರಾದರೆ ಬಾಗಿಲು ಹಾಕಿ ಮಲಗುತ್ತಿದ್ದರು. ಕಾಕಾ, "ಅಲ್ಲಿ ನಿಕಾಹ್ ಆಗುವ ಹೊತ್ತಿಗೆ ಇಲ್ಲಿ ನನ್ನ ಕೈಯಿಂದ ಎಲ್ಲರಿಗೂ ಊಟ ಆಗಬೇಕು. ಇಲ್ಲದಿದ್ದರೆ ನಾನು ಎಂತ ಅಪ್ಪ?" ಎಂದರು. ನೈಚೋರು, ಅಂದರೆ ತುಪ್ಪದ ಅನ್ನ, ಜೊತೆಗೆ ಬೀಫ್ ಸಾರು. ಉಳಿದ ಮಾಂಸವನ್ನು ನಾವು ನಾಲ್ಕು ಮನೆಯವರು ಪಾಲು ಹಾಕಿಕೊಳ್ಳುವುದೆಂದು ಮಾತಾಯಿತು.

ಕುಂದು ಹುಡುಕಿದ್ದು

ಅರಬ್ಬಿ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಚೌಕಾಸಿಯ ಕೆಲಸ ನನಗೆ ಬಂತು. ನಮ್ಮ ಕಡೆಯ ಚೌಕಾಸಿ ನಿಮಗೆ ಗೊತ್ತೇ ಇದೆ. ಇಷ್ಟವಾದ ವಸ್ತುವನ್ನೇ ಮೊದಲು ಹಳಿಯಬೇಕು. ಮಜ್ರಾದ ಯಜಮಾನರು, ಬಿಳಿ ಗಡ್ಡದ ಮುದುಕ, ಮೊದಲ ಹೋರಿ ತೋರಿಸಿದರು. ನಾನು ಮುಖ ಹುಳ್ಳಗೆ ಮಾಡಿ, "ಹಿಂಗಾಲು ಸ್ವಲ್ಪ ಎಳೆಯುತ್ತದಲ್ಲ" ಎಂದೆ. ಮುದುಕರು ಗಾಬರಿಯಾಗಿ ಆಳನ್ನು ಕರೆದು, "ಇದನ್ನು ಒಳಗೆ ಕಟ್ಟು. ಡಾಕ್ಟರ್ ನೋಡುವವರೆಗೆ ಯಾರಿಗೂ ಕೊಡಬೇಡ" ಎಂದರು. ಎರಡನೆಯದರ ಕಣ್ಣಲ್ಲಿ ನೀರು ಬರುತ್ತದೆ ಎಂದೆ. ಅದೂ ಒಳಗೆ ಹೋಯಿತು. ಮೂರನೆಯದಕ್ಕೆ ಮೈಯಿಲ್ಲ ಎಂದೆ. "ಸತ್ಯ ಹೇಳಿದಿರಿ. ಅತಿಥಿಗಳಿಗೆ ಕೊಡುವಂಥದ್ದಲ್ಲ" ಎಂದು ಅದನ್ನೂ ಕಳಿಸಿದರು.

ಕೊಟ್ಟಿಗೆಯಲ್ಲಿ ಇನ್ನೊಂದೇ ಹೋರಿ ಉಳಿದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ತೊಡೆ ಚಿವುಟಿದರು. ತಮ್ಮ ಹರಕು ಅರಬ್ಬಿಯಲ್ಲಿ, "ಮಾಶಾ ಅಲ್ಲಾಹ್, ಎಷ್ಟು ಚಂದ. ನನ್ನ ಮಗಳ ನಿಕಾಹ್‌ಗೆ ಇದೇ ಬೇಕು" ಎಂದುಬಿಟ್ಟರು. ಇನ್ನು ಬೆಲೆ ಆಕಾಶಕ್ಕೆ ಹೋಯಿತು ಅಂದುಕೊಂಡೆ. ಮಗಳ ನಿಕಾಹ್ ಎಂದು ಕೇಳಿದ ಮುದುಕರು ತಾವಾಗಿಯೇ ಬೆಲೆ ಇಳಿಸಿ, ಮೇಲೆ ಒಂದು ಬುಟ್ಟಿ ಖರ್ಜೂರ ಇಟ್ಟರು.

ಗಾಡಿ ಹತ್ತಿದ ಮೇಲೆ ಕಾಕಾ ಅಂದರು: "ನೀನು ಇನ್ನೂ ಸ್ವಲ್ಪ ಚೌಕಾಸಿ ಮಾಡಿದ್ದರೆ ಅವರು ಮಜ್ರಾವನ್ನೇ ಮುಚ್ಚುತ್ತಿದ್ದರು ಮಾರಾಯ."

ಗೋಡೆಗೆ ಮುಖ ಮಾಡಿದ ಹಿರಿಯರು

ಮರುದಿನ ಮುದುಕರೇ ಗಂಡುಮಕ್ಕಳನ್ನು ಕೂರಿಸಿಕೊಂಡು ತಮ್ಮ ಪಿಕಪ್‌ನಲ್ಲಿ ಹೋರಿಯನ್ನು ಕಸಾಯಿಖಾನೆಗೆ ತಂದರು. ಅಡುಗೆಗೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಅಂಗಳದಲ್ಲೇ ಪಾಲು ಹಾಕಿದೆವು. ಪಾಲು ಹಾಕುವುದಕ್ಕೆ ಊರಿನದೇ ಕ್ರಮ. ರಾಶಿ ಹಾಕಿ, ಒಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇನ್ನೊಬ್ಬ ಒಂದು ರಾಶಿಗೆ ಕೈ ತೋರಿಸಿ "ಇದು ಯಾರಿಗೆ?" ಎನ್ನಬೇಕು. ಗೋಡೆಯ ಕಡೆಯವರು ಹೆಸರು ಹೇಳಬೇಕು. ನೋಡದೆ ಹೇಳಿದ್ದರಿಂದ ಯಾರಿಗೂ ಬೇಸರವಿಲ್ಲ. ಆ ಕೆಲಸ ಯಾವಾಗಲೂ ಕಾಕಾನದು. ತಮ್ಮ ಹೆಸರನ್ನು ಅವರು ಕೊನೆಗೇ ಹೇಳುತ್ತಾರೆ.

ಮುದುಕರಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಮಗಳ ಮದುವೆ ಇಟ್ಟುಕೊಂಡ ಮನುಷ್ಯನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೀರಲ್ಲ, ಏನು ತಪ್ಪು ಮಾಡಿದ್ದಾರೆ?" ಎಂದು ಕೇಳಿದರು. ವಿಷಯ ತಿಳಿಸಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, "ಇದಕ್ಕಿಂತ ನ್ಯಾಯವಾದ ಹಂಚಿಕೆ ನಾನು ಕಂಡಿಲ್ಲ" ಎಂದು ತಮ್ಮ ನಾಲ್ಕೂ ಗಂಡುಮಕ್ಕಳನ್ನು ಕರೆದು ತೋರಿಸಿದರು. ಅವತ್ತಿನಿಂದ ದೊಡ್ಡ ಮಗನಿಗೆ ಒಂದೇ ಚಿಂತೆಯಂತೆ, ಅಪ್ಪ ಆಸ್ತಿಯನ್ನೂ ಹೀಗೇ ಹಂಚಿದರೆ ಗತಿ ಏನು ಎಂದು.

ಈರುಳ್ಳಿ

ಹೊರಡುವಾಗ ಕಾಕಾ ಮುದುಕರಿಗೆ, "ಶುಕ್ರವಾರ ಎಲ್ಲರೂ ಊಟಕ್ಕೆ ಬನ್ನಿ" ಎಂದರು. ಕರೆಯುವುದು ನಮ್ಮ ಕಡೆಯ ಮರ್ಯಾದೆ. ಬರುತ್ತೇವೆ ಎನ್ನುವುದೂ ಮರ್ಯಾದೆ. ಬಾರದಿರುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಮುದುಕರಿಗೆ ಈ ಮೂರನೆಯದು ಗೊತ್ತಿರಲಿಲ್ಲ. ಜುಮಾ ನಮಾಜ್ ಮುಗಿಸಿ, ಮಕ್ಕಳು, ತಮ್ಮಂದಿರು, ಅಳಿಯಂದಿರ ಸಮೇತ ಬಂದೇಬಿಟ್ಟರು. ಇಡೀ ಹೋರಿ ತಂದದ್ದು ಎಷ್ಟು ಒಳ್ಳೆಯದಾಯಿತೆಂದು ನಮಗೆ ಆಗ ತಿಳಿಯಿತು.

ಎದುರು ಮನೆಯ ಉಡುಪಿಯವರು ಶುದ್ಧ ಸಸ್ಯಾಹಾರಿ. ಆದರೆ ಕಾಕಾನ ಮಗಳ ಮದುವೆ ಎಂದರೆ ಅವರ ಮನೆಯ ಮದುವೆಯೇ. "ಮಾಂಸ ಮುಟ್ಟಲಿಕ್ಕಿಲ್ಲ, ಈರುಳ್ಳಿ ಪೂರ್ತಿ ನನಗೆ ಬಿಡಿ" ಎಂದು ಬೆಳಗ್ಗಿನಿಂದ ಗೋಣಿಯೆದುರು ಕೂತಿದ್ದರು. ಮುದುಕರು ಒಳಗೆ ಬಂದಾಗ ನಾವೆಲ್ಲ ನಗುತ್ತಾ ಓಡಾಡುತ್ತಿದ್ದೆವು. ಮೂಲೆಯಲ್ಲಿ ಇವರೊಬ್ಬರ ಕಣ್ಣಲ್ಲಿ ಮಾತ್ರ ಧಾರೆ. ಕನ್ನಡಕ ಮರೆತು ಬಂದಿದ್ದ ಮುದುಕರು ಇವರನ್ನೇ ಕಾಕಾ ಎಂದುಕೊಂಡು ನೇರ ಹೋಗಿ ತಬ್ಬಿ, ಹಣೆಗೆ ಮುತ್ತಿಟ್ಟು, ಹೆಣ್ಣು ಮಗಳನ್ನು ಕೊಡುವ ದುಃಖ ತನಗೂ ಗೊತ್ತು ಎಂದು ಬಹಳ ಹೊತ್ತು ಸಮಾಧಾನ ಹೇಳಿದರು.

ಮುಗಿದ ಮೇಲೆ ಉಡುಪಿಯವರು ಮೂಗು ಒರೆಸಿಕೊಂಡು ನನ್ನನ್ನು ಕೇಳಿದರು: "ನನಗಿರುವುದು ಇಬ್ಬರು ಗಂಡುಮಕ್ಕಳು ಎಂದು ಇವರಿಗೆ ಈಗ ಹೇಳುವುದಾ, ಊಟ ಆದ ಮೇಲಾ?"

ವಿಡಿಯೋದಲ್ಲಿ ಕಂಡವರು

ನಿಜವಾದ ಅಪ್ಪ ಎಲ್ಲಿದ್ದಾರೆಂದು ತಿಳಿದಾಗ ಮುದುಕರು ಅಡುಗೆಮನೆಗೇ ಹೋದರು. ಕಾಕಾ ಲುಂಗಿ ಬನಿಯನ್‌ನಲ್ಲಿ ಹಂಡೆಯಂಥ ದೊಡ್ಡ ಚೆಂಬಿನಿಂದ ನೈಚೋರು ತೋಡುತ್ತಿದ್ದರು. ಅಷ್ಟರಲ್ಲಿ ಊರಿನಿಂದ ನನ್ನ ಫೋನಿಗೆ ವಿಡಿಯೋ ಕಾಲ್ ಬಂತು. ಕಾಕಾನ ತಮ್ಮ ಅಪ್ಪನ ಜಾಗದಲ್ಲಿ ಮದುಮಗಳ ವಲಿಯಾಗಿ ಕೂತು ನಿಕಾಹ್ ಆಗಿಹೋಗಿತ್ತು. ಮದುಮಗಳು ಬಾಪಾನನ್ನು ನೋಡಬೇಕಂತೆ.

"ಅಪ್ಪ ಹೀಗೆ ಕಾಣಿಸಿಕೊಳ್ಳುವುದುಂಟೇ?" ಎಂದು ಮುದುಕರು ತಮ್ಮ ಬಿಷ್ತ್ ತೆಗೆದರು. ಇಲ್ಲಿಯ ದೊಡ್ಡವರು ಮದುವೆಗೆ ಹೊದೆಯುವ ಜರಿ ಅಂಚಿನ ಕಪ್ಪು ನಿಲುವಂಗಿ ಅದು. ಅದನ್ನು ಕಾಕಾನ ಹೆಗಲಿಗೆ ಹೊದಿಸಿದರು. ದೊಡ್ಡ ಮಗ ತನ್ನ ಬಿಳಿ ರುಮಾಲನ್ನು ಕಾಕಾನ ತಲೆಗೆ ಕಟ್ಟಿ, ಅದರ ಮೇಲೆ ಅರಬ್ಬರ ಕಪ್ಪು ಹಗ್ಗದ ಬಳೆ ಕೂರಿಸಿದ. ಒಂದು ಹೋರಿ ಕೊಂಡವನಿಗೆ ಹೀಗೆ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಫೋನ್ ತಿರುಗಿಸಿದೆ. ಮದುಮಗಳು ಕಣ್ಣು ಕಿರಿದು ಮಾಡಿ ನೋಡಿದಳು. "ಅಂಕಲ್, ಆ ಅರಬ್ಬಿಯವರಿಗೆ ಸ್ವಲ್ಪ ಸರಿಯಲು ಹೇಳಿ. ಬಾಪಾ ಎಲ್ಲಿ?"

ಕಾಕಾ ಕಣ್ಣು ತುಂಬಿಕೊಂಡು ಫೋನಿನತ್ತ ಬಾಗಿದರು. ಹುಡುಗಿಗೆ ಗಾಬರಿಯಾಯಿತು. ಅವಳ ಕೈಯಿಂದ ಫೋನ್ ತೆಗೆದುಕೊಂಡು ಕಾಕಾನ ಹೆಂಡತಿ ನೋಡಿದರು.

"ಫೋನ್ ಸ್ವಲ್ಪ ಕೆಳಗೆ ಹಿಡಿ ಮೋನೇ," ಎಂದು ಮಗನನ್ನು ಕರೆಯುವಂತೆ ನನಗೆ ಹೇಳಿದರು.

ಹಿಡಿದೆ.

"ಇವರೇ," ಎಂದರು ಅವರು. "ಮೇಲೆ ಎಂತ ಬೇಕಾದರೂ ಹೊದೆಯಲಿ, ಕೆಳಗಿನ ಲುಂಗಿ ನಾನೇ ಕಳಿಸಿದ್ದು. ಮಗಳ ನಿಕಾಹ್ ದಿನವಾದರೂ ಇಸ್ತ್ರಿ ಹಾಕಬಾರದಿತ್ತಾ?"