ಇಪ್ಪತ್ತೊಂದು ಬಂಗಡೆ

ನವೆಂಬರ್ ಹದಿನೆಂಟು, ಸೋಮವಾರ. ನನ್ನ ಹಳೆಯ ದಿನಚರಿಯಲ್ಲಿ ಹೀಗಿದೆ: "ಮೊಮ್ಮಗಳಿಗೆ ಹೊಟ್ಟೆನೋವು. ಮೂರನೆಯ ಪಿರಿಯಡ್ಡಿಗೆ ಶುರು, ನಾಲ್ಕನೆಯದಕ್ಕೆ ಗುಣ." ಮೂರನೆಯದು ಗಣಿತ. ಮೂರನೇ ಕ್ಲಾಸಿನ ಮಗುವಿರುವ ಮನೆಯಲ್ಲಿ ಇಂಥದ್ದು ವಾರಕ್ಕೊಂದು ನಡೆದೇ ನಡೆಯುತ್ತದೆ. ಆದರೆ ನಾನು ಗಣಿತದಲ್ಲೇ ಬಿ.ಎಸ್ಸಿ. ಮಾಡಿದವಳು. ಸುಮ್ಮನಿರಲಾದೀತೇ?

ಯಾರಿಗೆ ಬರುವುದಿಲ್ಲ

"ಎಂತಾತೇ? ಲೆಕ್ಕ ಬರೂದಿಲ್ವಾ?"

"ನಂಗೆ ಬರ್ತದೆ. ಲೆಕ್ಕ ಕಲಿಸೂ ಅಕ್ಕೋರಿಗೇ ಬರೂದಿಲ್ಲ," ಎಂದು ಅಳುತ್ತಲೇ ಲೆಕ್ಕದ ನೋಟ್‌ಬುಕ್ಕು ತೋರಿಸಿದಳು.

ಗುಡ್ಡೆ ಹಾಕಿದ ಒಂದು ಪಾಲಿನಲ್ಲಿ ಐದು ಬಂಗಡೆ ಮೀನು. ನಾಲ್ಕು ಪಾಲಿಗೆ ಎಷ್ಟು? ಇವಳ ಉತ್ತರ ಇಪ್ಪತ್ತೊಂದು. ಅದರ ಮೇಲೆ ಕೆಂಪು ಗೀಟು.

"ಒಂದು ಹೆಚ್ಚಿಗೆ ಎಲ್ಲಿಂದ ಬಂತೇ?"

"ಕೊಸರು ಅಜ್ಜಿ! ನಾಲ್ಕು ಪಾಲು ತಗಂಡ್ರೆ ಒಂದು ಮೇಲೆ ಹಾಕ್ಲೇಬೇಕಲ್ಲ? ಶನಿವಾರ ಮಾರ್ಕೆಟ್ಟಲ್ಲಿ ನೀನೇ ಜಗಳ ಮಾಡಿ ಹಾಕಿಸ್ಕಂತಿ."

ನನ್ನ ಬಿ.ಎಸ್ಸಿ. ಹೊಸ ಹಾಳೆ ತಿರುವಿತು.

ಹೊನ್ನಾವರದ ಬಸ್ಸು

ಮೀನು ಬೇಡವೆಂದು ಬಸ್ಸಿನ ಲೆಕ್ಕ ಕೊಟ್ಟೆ. ಭಟ್ಕಳದಿಂದ ಮೂವತ್ತು ಮಂದಿ ಹೊರಟರು, ಹೊನ್ನಾವರದಲ್ಲಿ ಹತ್ತು ಮಂದಿ ಇಳಿದರು. ಕುಮಟೆಗೆ ಬಂದವರೆಷ್ಟು?

"ಐವತ್ತು."

"ಹೆಂಗೇ?"

"ಹೊನ್ನಾವರದಲ್ಲಿ ಹತ್ತುವ ಮೂವತ್ತು ಮಂದೀನ ಯಾರು ಲೆಕ್ಕ ಮಾಡೂದು? ಮೊನ್ನೆ ನೀನೇ ಒಂದು ಕಾಲ ಮೇಲೆ ನಿಂತ್ಕಂಡು ಬಂದ್ಯಲ್ಲ!"

ಆಮೇಲೆ ದನಿ ಇಳಿಸಿ, "ಅಜ್ಜಿ, ಬೋರ್ಡಿಗೆ ಕರೀತ್ರು. ಎಲ್ಲಾ ನಗ್ತ್ರು. ನಾ ಇನ್ನು ಶಾಲೆಗೇ ಹೋಗೂದಿಲ್ಲ," ಎಂದಳು.

ಮರುದಿನ ಅವಳ ಕೈ ಹಿಡಿದುಕೊಂಡು ನಾನೇ ಶಾಲೆಗೆ ಹೋದೆ. ಅಲ್ಲಿ ಹೆಚ್ಚು ಹೆದರಿದವಳು ಯಾರೆಂದು ದಿನಚರಿಯಲ್ಲಿ ಬರೆದಿಲ್ಲ.

ಬೋರ್ಡಿನ ಮುಂದೆ

ಅಕ್ಕೋರು ಧಾರವಾಡದ ಕಡೆಯವರು. ನಮ್ಮೂರಿಗೆ ಬಂದು ವರ್ಷವಾಗಿತ್ತಷ್ಟೆ. ಮೀನು ತಿನ್ನುವುದನ್ನೂ ಇಲ್ಲೇ ಕಲಿತವರು. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಇವಳನ್ನೇ ಬೋರ್ಡಿಗೆ ಕರೆದರು.

"ಇಪ್ಪತ್ತೊಂದು ಹೆಂಗ ಬಂತವ್ವಾ? ಎಲ್ಲಾರಿಗೂ ಹೇಳು."

 ಇವಳು ನಾಲ್ಕು ಪಾಲು ಬರೆದಳು, ಪಕ್ಕದಲ್ಲಿ ಒಂದು ಬಂಗಡೆ ಬರೆದಳು. "ಪುಸ್ತಕದ ಲೆಕ್ಕ ಇಪ್ಪತ್ತು. ಇದು ಕೊಸರು," ಎಂದಳು. ಇಡೀ ಕ್ಲಾಸು "ಹೌದು ಅಕ್ಕೋರೆ, ನಮ್ಮನೇಲೂ ತಗಂತ್ರು!" ಎಂದು ಕೂಗಿತು.

ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟರು. "ಒಂದು ವರ್ಷ ಆತು, ನನಗ ಯಾರೂ ಒಂದೂ ಹಾಕಿಲ್ಲಲ್ಲವ್ವಾ!"

"ಕೇಳದೆ ಯಾರು ಹಾಕ್ತ್ರು ಅಕ್ಕೋರೆ? ನಾ ಕಲಿಸ್ತೆ, ಶನಿವಾರ ಮಾರ್ಕೆಟ್ಟಿಗೆ ಬನ್ನಿ," ಎಂದಳು ಇವಳು.

ಶನಿವಾರ ಅಕ್ಕೋರು ಚೀಲ ಹಿಡಿದು ಬಂದರು. ಇವಳು ಸೊಂಟಕ್ಕೆ ಕೈಕೊಟ್ಟು ಪಾಠ ಮಾಡಿದಳು. ಅಕ್ಕೋರು ಎರಡು ಸಲ ತಪ್ಪಿದರು, ಇವಳು ನಗಲಿಲ್ಲ. ಮೂರನೆಯ ಸಲಕ್ಕೆ ಮೀನು ಮಾರುವವಳು ಸೋತು, "ನಿಮ್ಮಿಬ್ಬರಿಗೂ ಸೇರಿ ಒಂದೇ," ಎಂದು ನಮಗೆ ಆಗಲೇ ಹಾಕಿದ್ದ ಕೊಸರನ್ನೇ ಎತ್ತಿ ಅವರ ಚೀಲಕ್ಕೆ ಹಾಕಿದಳು.

ಮೊಮ್ಮಗಳ ಗಣಿತಕ್ಕೆ ನಮಗೆ ಕೊನೆಗೆ ಆದ ಖರ್ಚು: ಒಂದು ಬಂಗಡೆ.